ಭತ್ತ ಕುಟ್ಟಿದವಳು, ಅಕ್ಕಿ ಹೊತ್ತವಳು

ಸತ್ಯಜಿತ್ ರಾಯ್ ಅವರನ್ನು ಕಾಣಲು ಕಲ್ಕತ್ತಕ್ಕೆ ಬಂದ ಢಾಕಾದ ಹುಡುಗಿಯ ಮುಖದ ತುಂಬ ಮೇಕಪ್ಪು. ‘ನಾಳೆ ಇದ್ಯಾವುದೂ ಇಲ್ಲದೆ ಬಾ’ ಎಂದರಂತೆ ರಾಯ್. ಈ ಪ್ರಸಂಗವನ್ನು ನಟಿ ಬಬಿತಾ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬರಿಮುಖದಲ್ಲಿ ಮತ್ತೆ ಬಂದವರು ‘ಅಶನಿ ಸಂಕೇತ್’ ಚಿತ್ರದ ಅನಂಗಾ ಆದರು.

1943ರ ಬಂಗಾಳದ ಕ್ಷಾಮದ ಕಥೆ ಅದು. ಹಳ್ಳಿಯ ಪುರೋಹಿತನಾಗಿ ಸೌಮಿತ್ರ ಚಟರ್ಜಿ, ಆತನ ಹೆಂಡತಿ ಅನಂಗಾ. ಊರಲ್ಲಿ ಅಕ್ಕಿ ಕಾಣೆಯಾಗುತ್ತ ಬಂದಂತೆ ಬ್ರಾಹ್ಮಣರ ಮನೆಯ ಈ ಸೊಸೆ ಬಿಗುಮಾನ ಬಿಟ್ಟು, ಕಾಲಲ್ಲಿ ತುಳಿದು ಭತ್ತ ಕುಟ್ಟುವ ಢೆಂಕಿಯ ಕೂಲಿಗೆ ಇಳಿಯುತ್ತಾಳೆ. ಬಬಿತಾ ಇಲ್ಲಿ ಅಳುವುದಕ್ಕಿಂತ ಹೆಚ್ಚಾಗಿ ಸುಮ್ಮನಿರುತ್ತಾರೆ. 1973ರಲ್ಲಿ ಬರ್ಲಿನ್ ಚಿತ್ರೋತ್ಸವದ ‘ಚಿನ್ನದ ಕರಡಿ’ ಈ ಚಿತ್ರಕ್ಕೆ ಸಿಕ್ಕಿತು.

ಐದು ವರ್ಷಗಳ ನಂತರ ಮತ್ತೆ ಅಕ್ಕಿ. ಅಮ್ಜದ್ ಹುಸೇನ್ ನಿರ್ದೇಶನದ ‘ಗೋಲಾಪಿ ಎಖೋನ್ ಟ್ರೇನೆ’ಯಲ್ಲಿ (1978) ಹಳ್ಳಿ ಬಿಟ್ಟ ಹೆಣ್ಣು ಗೋಲಾಪಿ (ಬಬಿತಾ) ರೈಲಿನಲ್ಲಿ ಅಕ್ಕಿ ಸಾಗಿಸಿ ಹೊಟ್ಟೆ ಹೊರೆಯುತ್ತಾಳೆ. ಅನಂಗಾಳ ಮೆದು ಮಾತು ಇವಳಿಗಿಲ್ಲ. ಇವಳದು ಜಗಳಕ್ಕೆ ನಿಂತ ಮೈ. 1975ರಿಂದ ಸತತ ಮೂರು ವರ್ಷ ಬಾಂಗ್ಲಾದೇಶದ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಬಬಿತಾಗೆ ಗೋಲಾಪಿಗಾಗಿ ಅದು ಸಿಗಲಿಲ್ಲ. ಆ ವರ್ಷದ್ದು ‘ಸಾರೆಂಗ್ ಬೌ’ ಚಿತ್ರದ ಕಬೊರಿಗೆ ಹೋಯಿತು. ಕಬೊರಿಯೂ ದೊಡ್ಡ ನಟಿಯೇ. ಆದರೂ ನನ್ನ ಮತ ಗೋಲಾಪಿಗೆ.

ಬಬಿತಾ ಸಿನಿಮಾಕ್ಕೆ ಬಂದದ್ದು ಅಕ್ಕ ಸುಚಂದಾ ಕೈಹಿಡಿದು. ಭಾವ ಜಹೀರ್ ರೈಹಾನ್ ಪ್ರಸಿದ್ಧ ನಿರ್ದೇಶಕ. 1968ರ ‘ಸಂಸಾರ್’ನಲ್ಲಿ ನಟ ರಜ್ಜಾಕ್ ಮತ್ತು ಸುಚಂದಾರ ಮಗಳಾಗಿದ್ದ ಹುಡುಗಿ ಮರುವರ್ಷವೇ ಅದೇ ರಜ್ಜಾಕ್‌ಗೆ ನಾಯಕಿ! ಮುಂದೆ ಬಾಂಗ್ಲಾ ವಿಮೋಚನಾ ಯುದ್ಧದ ಗಾಯ ಹೊತ್ತ ‘ಅರುಣೋದಯೇರ್ ಅಗ್ನಿಸಾಕ್ಷಿ’, ಹಾಡು ಪ್ರೇಮಗಳ ‘ಅನಂತ ಪ್ರೇಮ್’, ಬಹಳ ವರ್ಷಗಳ ನಂತರ ‘ದೀಪು ನಂಬರ್ ಟೂ’ನಲ್ಲಿ ಹುಡುಗನೊಬ್ಬನ ತಾಯಿ. ಎಪ್ಪತ್ತರ ದಶಕದ ಢಾಕಾದಲ್ಲಿ ಹುಡುಗಿಯರ ಫ್ಯಾಷನ್ನಿಗೆ ಮಾದರಿಯಾಗಿದ್ದವರೂ ಇವರೇ.

ಆ ಚಿತ್ರಗಳು ಓಡಿದ ಟಾಕೀಸುಗಳಲ್ಲಿ ಬಹುಪಾಲು ಇಂದಿಲ್ಲ. ಢಾಕಾದ ಹೆಸರಾಂತ ‘ಗುಲಿಸ್ತಾನ್’ ಚಿತ್ರಮಂದಿರವಿದ್ದಲ್ಲಿ ಈಗ ಅಂಗಡಿ ಸಾಲು. ರಾಯ್ ಹೆಸರಿನ ಬಲದಿಂದ ಅನಂಗಾ ಜಗತ್ತು ಸುತ್ತಿದಳು. ಗೋಲಾಪಿಯ ರೈಲು ಗಡಿ ದಾಟಿದ್ದು ಕಡಿಮೆ. ನಮ್ಮ ಫಿಲ್ಮ್ ಸೊಸೈಟಿಗಳು ಈ ಎರಡನ್ನೂ ಒಂದೇ ಸಂಜೆ, ಒಂದರ ಹಿಂದೆ ಒಂದು ತೋರಿಸಿದರೆ ಎಷ್ಟು ಚೆನ್ನ.