ಮೀನಿಗಿಂತ ಮೊದಲು ನೀರು

ಹೊಸದಾಗಿ ಗಾಜಿನ ತೊಟ್ಟಿಯನ್ನು ಮನೆಗೆ ತಂದವರ ಅನುಭವ ಬಹುಮಟ್ಟಿಗೆ ಒಂದೇ ಬಗೆಯದು. ಬೆಳಿಗ್ಗೆ ತೊಟ್ಟಿಯನ್ನು ತೊಳೆದು, ತಳದಲ್ಲಿ ಕಲ್ಲು ಹರಡಿ, ನೀರು ತುಂಬಿ, ಸಂಜೆಯ ವೇಳೆಗೆ ಹತ್ತು ಹನ್ನೆರಡು ಮೀನುಗಳನ್ನು ಬಿಡಲಾಗುತ್ತದೆ. ಎರಡು ಮೂರು ದಿನ ಎಲ್ಲವೂ ಸೊಗಸಾಗಿರುತ್ತದೆ. ವಾರ ಕಳೆಯುವಷ್ಟರಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗುತ್ತವೆ, ಈಜುರೆಕ್ಕೆಗಳನ್ನು ಮುದುಡಿಕೊಂಡು ಮೂಲೆ ಸೇರುತ್ತವೆ, ಒಂದೊಂದಾಗಿ ಸಾಯುತ್ತವೆ. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಮೀನೇ ರೋಗಿಷ್ಠವಾಗಿತ್ತೆಂದು ಬಗೆದು ಮತ್ತಷ್ಟು ಮೀನು ತರುವುದು, ಅವೂ ಸತ್ತ ಮೇಲೆ ತೊಟ್ಟಿಯನ್ನು ಅಟ್ಟಕ್ಕೇರಿಸುವುದು ಮುಂದಿನ ಕಥೆ. ಈ ಸಾವುಗಳಲ್ಲಿ ಹೆಚ್ಚಿನವಕ್ಕೆ ರೋಗ ಕಾರಣವಲ್ಲ. ತಿಳಿನೀರೂ ವಿಷವಾಗಬಲ್ಲದೆಂಬುದನ್ನು ಅರಿತವರು ಅವನ್ನು ತಡೆಯಬಲ್ಲರು.

ಕೆರೆಯಲ್ಲಿ, ಹೊಳೆಯಲ್ಲಿ ಮೀನಿನ ದೇಹದಿಂದ ಹೊರಬೀಳುವ ಕಶ್ಮಲವು ಅಪಾರ ಜಲರಾಶಿಯಲ್ಲಿ ಹಂಚಿಹೋಗುತ್ತದೆ. ಗಾಜಿನ ತೊಟ್ಟಿಗೆ ಆ ಅನುಕೂಲವಿಲ್ಲ. 60 ಸೆ.ಮೀ. ಉದ್ದ, 30 ಸೆ.ಮೀ. ಅಗಲ, 30 ಸೆ.ಮೀ. ಎತ್ತರದ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೂ ಅದು ಹಿಡಿಯುವುದು 54 ಲೀಟರ್ ಮಾತ್ರ. ಎಂದರೆ ನಾಲ್ಕೈದು ಕೊಡ ನೀರು. ಮೀನು ಉಣ್ಣುವುದು, ಉಸಿರಾಡುವುದು, ವಿಸರ್ಜಿಸುವುದು ಎಲ್ಲವೂ ಅಷ್ಟರೊಳಗೇ ನಡೆಯಬೇಕು. ಮೀನು ಪ್ರೋಟೀನನ್ನು ಅರಗಿಸಿಕೊಂಡಾಗ ಹುಟ್ಟುವ ಅಮೋನಿಯಾ ಮುಖ್ಯವಾಗಿ ಕಿವಿರುಗಳ ಮೂಲಕ ನೀರನ್ನು ಸೇರುತ್ತದೆ. ತಿನ್ನದೆ ಉಳಿದ ಆಹಾರ, ಮಲ, ಕೊಳೆತ ಎಲೆಗಳಿಂದಲೂ ಅದು ಉತ್ಪತ್ತಿಯಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ಮೀನನ್ನು ಕೊಲ್ಲುವಷ್ಟು ಪ್ರಮಾಣದಲ್ಲಿದ್ದರೂ ಮನುಷ್ಯನ ಮೂಗಿಗೆ ತಿಳಿಯದು.

ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು, ಅಷ್ಟಾಗಿ ಹಾನಿಮಾಡದ ಅಮೋನಿಯಂ. ಇನ್ನೊಂದು, ಕಿವಿರಿನ ತೆಳುಪೊರೆಯನ್ನು ಸುಲಭವಾಗಿ ದಾಟಬಲ್ಲ ಮುಕ್ತ ಅಮೋನಿಯಾ. ಯಾವುದು ಎಷ್ಟಿರುತ್ತದೆಂಬುದು ನೀರಿನ ಪಿಹೆಚ್ ಮತ್ತು ಉಷ್ಣತೆಯನ್ನು ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಹೆಚ್ 7 ಇದ್ದರೆ ವಿಷರೂಪದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಹೆಚ್ 8ಕ್ಕೆ ಏರಿದರೆ ಅದೇ ಪಾಲು ನೂರಕ್ಕೆ ಐದರಷ್ಟಾಗುತ್ತದೆ. ಒಂದೇ ಪ್ರಮಾಣದ ಕಶ್ಮಲವು ಒಂದು ಊರಿನ ನೀರಿನಲ್ಲಿ ಸಹ್ಯವಾಗಿ, ಇನ್ನೊಂದು ಊರಿನ ನೀರಿನಲ್ಲಿ ಮಾರಕವಾಗುವುದರ ಗುಟ್ಟು ಇದು.

ಈ ವಿಷವನ್ನು ನಿಸರ್ಗ ನಿವಾರಿಸಿಕೊಳ್ಳುವ ಬಗೆಯನ್ನು ಮಣ್ಣಿನ ಅಧ್ಯಯನದಿಂದ ಸ್ಪಷ್ಟಪಡಿಸಿದವರಲ್ಲಿ ಪ್ರಮುಖನು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್‌ಸ್ಕಿ. 1890ರ ಸುಮಾರಿಗೆ ಜೂರಿಕ್ ನಗರದಲ್ಲಿ ಅವನು ಅಮೋನಿಯಾವನ್ನು ಉತ್ಕರ್ಷಿಸಿ ಬದುಕುವ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕಿಸಿದನು. ಮೊದಲ ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಎರಡನೆಯ ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನಡುವಣ ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ; ಕೆಂಪಾಗಿರಬೇಕಾದ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಮೇಲ್ಮೈಗೆ ಬಂದು ಏದುಸಿರು ಬಿಡುವುದು ಇದರಿಂದಲೇ. ಕೊನೆಯ ಹಂತದ ನೈಟ್ರೇಟ್ ಅಷ್ಟು ಉಗ್ರವಲ್ಲ. ಜಲಸಸ್ಯಗಳು ಅದನ್ನು ಹೀರಿಕೊಳ್ಳುತ್ತವೆ, ಉಳಿದುದು ವಾರವಾರ ನೀರು ಬದಲಿಸುವಾಗ ಹೊರಹೋಗುತ್ತದೆ.

ಈ ಬ್ಯಾಕ್ಟೀರಿಯಾಗಳು ನೆಲೆಸುವುದು ಮರಳು, ಕಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ಶೋಧಕದ ಸ್ಪಂಜಿನ ಮೇಲೆ. ಹೊಸ ತೊಟ್ಟಿಯಲ್ಲಿ ಅವು ಇಲ್ಲವೆಂದೇ ಹೇಳಬಹುದು. ಅವುಗಳ ಬೆಳವಣಿಗೆಯೂ ನಿಧಾನ. ಎರಡೂ ಬಗೆಯವು ಸಾಕಷ್ಟು ಸಂಖ್ಯೆಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೆಲ ಹದವಾಗುವ ಮೊದಲು ಬಿತ್ತುವ ರೈತನಿಲ್ಲ. ತೊಟ್ಟಿಯ ನೀರಿಗೂ ಅಂಥದೇ ಒಂದು ಹದವುಂಟು. ಅದು ಕಣ್ಣಿಗೆ ಕಾಣದ ಕಾರಣ ಅದಕ್ಕಾಗಿ ಕಾಯುವವರು ವಿರಳ.

ಹದಗೊಳಿಸುವ ಕ್ರಮ ಸರಳವಾದುದು. ತೊಟ್ಟಿಯಲ್ಲಿ ನೀರು ತುಂಬಿ, ಶೋಧಕವನ್ನು ಹಗಲಿರುಳು ನಡೆಸುತ್ತ, ಮೀನಿಲ್ಲದೆಯೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಿರಬೇಕು. ಅದು ಕೊಳೆತು ಹುಟ್ಟುವ ಅಮೋನಿಯಾವೇ ಬ್ಯಾಕ್ಟೀರಿಯಾಗಳಿಗೆ ಆಹಾರ. ಮೀನಿನ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ದ್ರಾವಣಗಳಿಂದ ನೀರನ್ನು ಪರೀಕ್ಷಿಸಿದರೆ ಮೊದಲು ಅಮೋನಿಯಾ ಏರಿ ಇಳಿಯುವುದು, ಬಳಿಕ ನೈಟ್ರೈಟ್ ಏರಿ ಇಳಿಯುವುದು, ಕಡೆಗೆ ನೈಟ್ರೇಟ್ ಕಾಣಿಸಿಕೊಳ್ಳುವುದು ತಿಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಮೊದಲಿನವೆರಡೂ ಸೊನ್ನೆಯಲ್ಲೇ ನಿಂತ ದಿನ ತೊಟ್ಟಿ ಸಿದ್ಧವಾಯಿತೆಂದು ಅರ್ಥ. ಈ ಕಾಯುವಿಕೆಯನ್ನು ಕಿರಿದುಗೊಳಿಸಲು ಒಂದು ಉಪಾಯವಿದೆ. ಹಾಲಿಗೆ ಹೆಪ್ಪು ಹಾಕುವಂತೆ, ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಶೋಧಕದಿಂದ ಸ್ಪಂಜಿನ ತುಂಡೊಂದನ್ನು ತಂದು ಹೊಸ ಶೋಧಕದಲ್ಲಿಡುವುದು. ಹೆಪ್ಪು ಕೆಟ್ಟದಾದರೆ ಮೊಸರೂ ಕೆಡುತ್ತದೆ. ರೋಗವಿರುವ ತೊಟ್ಟಿಯಿಂದ ಸ್ಪಂಜನ್ನು ತರಬಾರದು.

ಹೀಗೆ ಬೆಳೆದ ಬ್ಯಾಕ್ಟೀರಿಯಾಗಳನ್ನು ಶುಚಿತ್ವದ ಹೆಸರಿನಲ್ಲಿ ಕೊಲ್ಲುವುದು ಇನ್ನೊಂದು ಸಾಮಾನ್ಯ ತಪ್ಪು. ತೊಟ್ಟಿಯನ್ನು ಪೂರ್ತಿ ಬರಿದುಮಾಡಿ, ಕಲ್ಲು ಸ್ಪಂಜುಗಳನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಆರು ವಾರಗಳ ಬೆಳೆ ಒಂದು ಗಂಟೆಯಲ್ಲಿ ನಾಶವಾಗುತ್ತದೆ. ನಲ್ಲಿನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳಿಗೂ ಮೀನಿನ ಕಿವಿರುಗಳಿಗೂ ಸಮಾನ ಶತ್ರು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಗುರವಾಗಿ ಹಿಂಡಿದರೆ ಸಾಕು. ವಾರಕ್ಕೊಮ್ಮೆ ತೊಟ್ಟಿಯ ನೀರಿನ ನಾಲ್ಕನೆಯ ಒಂದು ಪಾಲನ್ನು ಮಾತ್ರ ಬದಲಿಸಬೇಕು. ಹೊಸ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಗಾಳಿಯಾಡಿಸಿದರೆ ಕ್ಲೋರಿನ್ ಹೊರಟುಹೋಗುತ್ತದೆ. ಕ್ಲೋರಮಿನ್ ಬೆರೆಸಿದ ನೀರಾದರೆ ಅದನ್ನು ನಿವಾರಿಸುವ ದ್ರಾವಣವನ್ನು ಬಳಸಲೇಬೇಕು. ಬ್ಯಾಕ್ಟೀರಿಯಾಗಳಿಗೂ ಉಸಿರಾಡಲು ಆಮ್ಲಜನಕ ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಹೋಗುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದು ಹತ್ತಿರವಿರುವುದು ಒಳ್ಳೆಯದು.

ಮುಂದಿನ ಪ್ರಶ್ನೆ ಯಾವ ಮೀನು ಎಂಬುದು. ಅಂದಚಂದವನ್ನು ನೋಡಿ ಆರಿಸುವುದು ರೂಢಿ. ಊರಿನ ನೀರನ್ನು ನೋಡಿ ಆರಿಸುವುದು ವಿವೇಕ. ಗಡಿಯಾಚೆಯ ಕನ್ನಡ ನಾಡುಗಳ ನೀರು ಒಂದೇ ಬಗೆಯದಲ್ಲ. ಕಾಸರಗೋಡು, ಮಂಜೇಶ್ವರ ಸೀಮೆಯ ಬಾವಿ ಮತ್ತು ಸುರಂಗಗಳ ನೀರು ಮುರಕಲ್ಲಿನ ನೆಲದಿಂದ ಒಸರಿ ಬರುವುದರಿಂದ ಸಾಮಾನ್ಯವಾಗಿ ಮೆದುವಾಗಿಯೂ ತುಸು ಆಮ್ಲೀಯವಾಗಿಯೂ ಇರುತ್ತದೆ. ಸೊಲ್ಲಾಪುರ, ಜತ್ತ, ರಾಯದುರ್ಗಗಳ ಕಡೆಯ ಕೊಳವೆಬಾವಿಗಳಲ್ಲಿ ಪಾತ್ರೆಗೆ ಬಿಳಿಯ ಹಕ್ಕಳೆ ಕಟ್ಟಿಸುವ ಗಡಸು ನೀರು ಸಾಮಾನ್ಯ. ದಕ್ಷಿಣ ಅಮೆರಿಕದ ಮೆದುನೀರಿನ ಹೊಳೆಗಳಿಂದ ಬಂದ ನಿಯಾನ್ ಟೆಟ್ರಾದಂಥ ಮೀನುಗಳು ಮೊದಲ ಬಗೆಯ ನೀರಿಗೆ ಸುಲಭವಾಗಿ ಹೊಂದಿಕೊಳ್ಳುತ್ತವೆ. ಗಪ್ಪಿ, ಮಾಲಿ, ಪ್ಲಾಟಿಗಳಿಗೆ ಎರಡನೆಯ ಬಗೆಯ ನೀರೇ ಹಿತ.

ಎರಡು ಬಗೆಯ ನೀರಿಗೂ ತಮ್ಮತಮ್ಮ ಅಪಾಯಗಳುಂಟು. ಗಡಸಾದ ಕ್ಷಾರೀಯ ನೀರಿನಲ್ಲಿ ಅಮೋನಿಯಾದ ವಿಷರೂಪ ಹೆಚ್ಚು. ಅಲ್ಲಿ ಹದಗೊಳ್ಳದ ತೊಟ್ಟಿಗೆ ಮೀನು ಬಿಟ್ಟರೆ ಸಾವು ಬೇಗ. ತೀರ ಮೆದುವಾದ ನೀರಿನಲ್ಲಿ ವಿಷ ಮಂದವಾದರೂ ಬ್ಯಾಕ್ಟೀರಿಯಾಗಳ ಕೆಲಸವೂ ಮಂದವಾಗುತ್ತದೆ; ಅವುಗಳ ಕ್ರಿಯೆಯೇ ನೀರನ್ನು ಇನ್ನಷ್ಟು ಆಮ್ಲೀಯಗೊಳಿಸುವುದರಿಂದ ಪಿಹೆಚ್ ಹಠಾತ್ತಾಗಿ ಕುಸಿಯಬಹುದು. ಚೆನ್ನಾಗಿ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಸಣ್ಣ ಬಟ್ಟೆಯಲ್ಲಿ ಕಟ್ಟಿ ಶೋಧಕದ ಬಳಿ ಇಟ್ಟರೆ ಅವು ನಿಧಾನವಾಗಿ ಕರಗುತ್ತ ಈ ಕುಸಿತವನ್ನು ತಡೆಯುತ್ತವೆ.

ಮೀನುಗಳ ಸ್ವಭಾವವನ್ನು ಬಗೆಬಗೆಯಾಗಿ ಗುರುತಿಸುವ ಪರಿಪಾಠ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣವು ಮೀನುಗಳ ಹಲವು ಜಾತಿಗಳನ್ನು ಹೆಸರಿಸಿ, ಅವುಗಳಿಗೆ ಹಾಕುವ ಆಹಾರವನ್ನೂ ವಿವರಿಸುತ್ತದೆ. ಅಲ್ಲಿಯ ಉದ್ದೇಶ ಗಾಳದ ಆಟ. ಆದರೆ ಜಾತಿಯನ್ನರಿತು ವ್ಯವಹರಿಸಬೇಕೆಂಬ ತತ್ತ್ವ ಸಾಕುವವನಿಗೂ ಸಲ್ಲುತ್ತದೆ. ನಿಯಾನ್ ಟೆಟ್ರಾ, ಕೋರಿಡೋರಸ್‌ಗಳು ಗುಂಪಿನಲ್ಲಿ ಬದುಕುವ ಮೀನುಗಳು. ಆರಕ್ಕಿಂತ ಕಡಿಮೆಯಿದ್ದರೆ ಅಂಜಿ ಸೊರಗುತ್ತವೆ. ಟೈಗರ್ ಬಾರ್ಬ್ ಉದ್ದ ರೆಕ್ಕೆಯ ಮೀನುಗಳ ರೆಕ್ಕೆಯನ್ನು ಕಚ್ಚಿ ಹರಿಯುತ್ತದೆ. ಬೆಳೆದ ಏಂಜಲ್ ಮೀನು ಚಿಕ್ಕ ಟೆಟ್ರಾಗಳನ್ನು ನುಂಗುತ್ತದೆ. ಎಲ್ಲರ ಮೆಚ್ಚಿನ ಗೋಲ್ಡ್ ಫಿಶ್ ತಂಪುನೀರಿನದು, ಕಶ್ಮಲವನ್ನೂ ಹೆಚ್ಚು ಹೊರಹಾಕುವಂಥದು. 24ರಿಂದ 27 ಡಿಗ್ರಿ ಬೆಚ್ಚಗಿನ ಕೂಡುತೊಟ್ಟಿಯಲ್ಲಿ ಅದಕ್ಕೆ ಎಡೆಯಿಲ್ಲ.

ಸಿದ್ಧವಾದ ತೊಟ್ಟಿಗೂ ಎಲ್ಲ ಮೀನುಗಳನ್ನು ಒಮ್ಮೆಲೇ ಬಿಡಬಾರದು. ಮೊದಲು ನಾಲ್ಕೈದು ಗಟ್ಟಿ ಮೀನುಗಳು, ಎರಡು ವಾರಗಳ ಬಳಿಕ ಇನ್ನು ಕೆಲವು. ಹೀಗೆ ಮಾಡಿದರೆ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಹೊರೆಗೆ ತಕ್ಕಂತೆ ಬೆಳೆಯುತ್ತದೆ. ಮೀನಿನ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ಉಷ್ಣತೆ ಸಮನಾದ ಮೇಲೆ ಮೀನನ್ನು ಬಲೆಯಿಂದೆತ್ತಿ ಬಿಡಬೇಕು. ಅಂಗಡಿಯ ನೀರನ್ನು ಸುರಿಯಬಾರದು. ಆಹಾರವು ಎರಡು ನಿಮಿಷಗಳಲ್ಲಿ ತಿಂದು ಮುಗಿಯುವಷ್ಟೇ ಇರಬೇಕು. ಹಸಿವಿನಿಂದ ಸತ್ತ ಮೀನುಗಳಿಗಿಂತ ಅತಿ ಉಪಚಾರದಿಂದ ಸತ್ತವೇ ಹೆಚ್ಚು.

ನೀರು ಹದವಾಗಿರುವಲ್ಲಿ ರೋಗಗಳೂ ಕಡಿಮೆ. ಆದರೂ ಹೊಸ ಮೀನಿನ ಜೊತೆ ಬರಬಹುದಾದ ಬಿಳಿಚುಕ್ಕೆ ರೋಗವನ್ನು ಅರಿತಿರಬೇಕು. ಮೈಮೇಲೆ ಉಪ್ಪಿನ ಹರಳುಗಳಂತೆ ಕಾಣುವ ಈ ಚುಕ್ಕೆಗಳೊಳಗಿರುವುದು ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರೋಪಜೀವಿ. ಬಲಿತ ಜೀವಿ ಮೀನಿನ ಮೈಯಿಂದ ಕಳಚಿ ತಳಸೇರಿ, ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನನ್ನು ಹುಡುಕಿಕೊಂಡು ಹೊರಡುತ್ತದೆ. ಚರ್ಮದೊಳಗಿರುವಾಗಲೂ ಕೋಶದೊಳಗಿರುವಾಗಲೂ ಔಷಧ ಅದನ್ನು ಮುಟ್ಟದು. ಈಜಾಡುವ ಮರಿಗಳನ್ನು ಮಾತ್ರ ಕೊಲ್ಲಬಲ್ಲದು. ಚುಕ್ಕೆಗಳು ಮಾಯವಾದೊಡನೆ ಔಷಧವನ್ನು ನಿಲ್ಲಿಸಿದವರ ತೊಟ್ಟಿಯಲ್ಲಿ ರೋಗ ಇಮ್ಮಡಿಸಿ ಮರಳುವುದು ಈ ಕಾರಣದಿಂದ. ಹೊಸ ಮೀನುಗಳನ್ನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇರಿಸಿ ನೋಡುವುದೇ ಮೇಲಾದ ಚಿಕಿತ್ಸೆ.

ತೊಟ್ಟಿಯ ಹೊಣೆ ತೊಟ್ಟಿಯ ಗಾಜಿಗೇ ಮುಗಿಯುವುದಿಲ್ಲ. ಚಂದ್ರಗಿರಿ ಹೊಳೆಯೂ ಸೇರಿದಂತೆ ಪಶ್ಚಿಮಘಟ್ಟದ ಹೊಳೆಗಳಲ್ಲಿ ‘ಮಿಸ್ ಕೇರಳ’ ಎಂದು ಹೆಸರಾದ, ಕೆಂಪು ಕಪ್ಪು ಪಟ್ಟೆಗಳ ಮೀನೊಂದಿದೆ. 1865ರಲ್ಲಿ ಫ್ರಾನ್ಸಿಸ್ ಡೇ ಅದನ್ನು ವಿವರಿಸಿ, ಮದ್ರಾಸಿನ ಗವರ್ನರ್ ವಿಲಿಯಂ ಡೆನಿಸನ್‌ನ ಹೆಸರನ್ನಿಟ್ಟನು. ಅಲಂಕಾರದ ತೊಟ್ಟಿಗಳಿಗಾಗಿ ಹೊಳೆಯಿಂದಲೇ ಹಿಡಿದು ಸಾಗಿಸಿದ್ದೂ ಅದು ಇಂದು ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಲು ಒಂದು ಕಾರಣ. ತಂಪಾಗಿ ಹರಿಯುವ ನೀರಿನ ಈ ಮೀನು ಹೊಸಬರ ಚಿಕ್ಕ ತೊಟ್ಟಿಗೆ ತಕ್ಕುದೂ ಅಲ್ಲ. ಹೊಳೆಯಿಂದ ತೊಟ್ಟಿಗೆ ತರುವುದು ಹೇಗೆ ತಪ್ಪೋ, ಬೇಡವಾದ ಪರದೇಶದ ಮೀನನ್ನು ತೊಟ್ಟಿಯಿಂದ ಹೊಳೆಗೆ ಬಿಡುವುದೂ ಹಾಗೆಯೇ ತಪ್ಪು. 2018ರ ನೆರೆಯ ಬಳಿಕ ಅಮೆಜಾನಿನ ಅರಪೈಮಾ ಮೀನು ಕೇರಳದ ಚಾಲಕುಡಿ ಹೊಳೆಯಲ್ಲಿ ಬಲೆಗೆ ಬಿದ್ದುದು ಇದಕ್ಕೊಂದು ಎಚ್ಚರಿಕೆ.

ಮೀನು ಸಾಕುವುದೆಂದರೆ ಮೊದಲು ನೀರನ್ನು ಸಾಕುವುದು. ಆರು ವಾರ ಬರಿಯ ನೀರನ್ನು ನೋಡುತ್ತ ಕಾಯಬಲ್ಲವನ ತೊಟ್ಟಿಯಲ್ಲಿ ಮೀನು ವರ್ಷಗಟ್ಟಲೆ ಬಾಳುತ್ತದೆ.