ಮರಳು ಉಳುವ ಕಡಲ ಬಸವನಹುಳು

ನಾನಿರುವ ಬತ್ತಲಗುಂಡಿಗೂ ಸಮುದ್ರಕ್ಕೂ ಬಹಳ ದೂರ. ಆದರೂ ಪ್ರಾಣಿಶಾಸ್ತ್ರ ಕಲಿಸುವ ನನ್ನ ಫೋನಿಗೆ ಕಡಲ ಜೀವಿಗಳು ಬರುತ್ತಲೇ ಇರುತ್ತವೆ. ಅಣ್ಣನ ಮಗ ತೂತುಕುಡಿಯ ಕಡೆ ಸ್ಕೂಬಾ ಡೈವಿಂಗ್ ಮಾಡುತ್ತಾನೆ. ಈ ಸಲ ಕಳಿಸಿದ್ದು ಮರಳ ಮೇಲಿನ ಕಪ್ಪನೆಯ, ಕಿರುಬೆರಳಿನ ಉಗುರಿಗಿಂತ ಚಿಕ್ಕ ಪ್ರಾಣಿ. "ಅತ್ತೆ, ಇದರ ಹೆಸರು ಹೇಳಿ" ಅಂದ.

ಹೆಸರು ಆಮೇಲೆ, ಮೊದಲು ಆಳ ಹೇಳು ಅಂದೆ. ಮರಳು ನುಣುಪೋ ಒರಟೋ? ಅದು ಬಂದ ದಾರಿಯಲ್ಲಿ ಗೆರೆ ಬಿದ್ದಿತ್ತಾ?

ಇಂಥ ಪ್ರಾಣಿಗಳು ಬಸವನಹುಳುವಿನ ಬಳಗದವೇ. ಚಿಪ್ಪು ಹೊರಗೆ ಕಾಣದು, ಮೈಯ ಹಿಂಭಾಗದಲ್ಲಿ ಚರ್ಮದೊಳಗೆ ತೆಳ್ಳಗೆ ಉಳಿದಿರುತ್ತದೆ. ತಲೆಯ ಮೇಲೆ ಅಗಲವಾದ ಮಾಂಸದ ಗುರಾಣಿ. ಅದನ್ನು ನೇಗಿಲಿನಂತೆ ಒತ್ತುತ್ತಾ ಮರಳೊಳಗೆ ನುಗ್ಗುತ್ತವೆ. ಮೈಯಿಂದ ಸುರಿಯುವ ಪಾರದರ್ಶಕ ಲೋಳೆ ಸುತ್ತಲೂ ಹೊದಿಕೆಯಾಗಿ ಮರಳ ಕಣ ತಾಗದಂತೆ ಕಾಯುತ್ತದೆ. ಹಿಂದೆ ಉಳಿಯುವ ಗೆರೆಯೇ ಅವುಗಳ ವಿಳಾಸ.

ನಮ್ಮ ದೇಶದಲ್ಲೇ ಇಂಥದ್ದಕ್ಕೆ ಹೆಸರಿಟ್ಟ ಕತೆಯಿದೆ. ಪಶ್ಚಿಮ ಬಂಗಾಳದ ದೀಘಾ, ಒಡಿಶಾದ ಉದಯಪುರ ಕಡಲತೀರಗಳ ತೇವದ ಮರಳಿನಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ವಿಜ್ಞಾನಿಗಳಿಗೆ ಕಂದುಗಪ್ಪು ಜೀವಿಯೊಂದು ಸಿಕ್ಕಿತು. ಹೆಚ್ಚೆಂದರೆ 7 ಮಿಲಿಮೀಟರ್ ಉದ್ದ, ಹಿಂಭಾಗದಲ್ಲಿ ಮಾಣಿಕ್ಯಗೆಂಪಿನ ಚುಕ್ಕೆ. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಗೌರವಾರ್ಥ ಅದಕ್ಕೆ ಮೆಲನೋಕ್ಲಾಮಿಸ್ ದ್ರೌಪದಿ ಎಂದು ಹೆಸರಿಟ್ಟರು. ಸುದ್ದಿ ಹೊರಬಿದ್ದದ್ದು 2024ರ ಜನವರಿಯಲ್ಲಿ. ಅದೇ ಕರಾವಳಿಯ ಅದರ ದಾಯಾದಿ ಮೆಲನೋಕ್ಲಾಮಿಸ್ ಬೆಂಗಾಲೆನ್ಸಿಸ್‌ಗೆ 2022ರಲ್ಲೇ ಹೆಸರಾಗಿತ್ತು. ಆ ಕೆಂಪು ಚುಕ್ಕೆಯೊಂದನ್ನೇ ನಂಬಿ ಹೊಸ ಜಾತಿ ಎನ್ನಲಾಗದು. ಒಂದೇ ಪ್ರಾಣಿಯಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ, ಆ ಅಂಗಗಳ ರಚನೆ ನೋಡಬೇಕು. ಒಳಚಿಪ್ಪಿನ ಆಕಾರ ಅಳೆಯಬೇಕು. ಡಿಎನ್‌ಎ ಹೋಲಿಸಬೇಕು. ಇಷ್ಟಾದ ಮೇಲೆ ಹೆಸರು.

ಹಾಗೆಂದು ಹುಡುಗ ಅದನ್ನು ಬಾಟಲಿಯಲ್ಲಿ ಹಿಡಿದು ತರುವುದು ನನಗೆ ಒಪ್ಪಿಗೆಯಿಲ್ಲ. ರಾಮೇಶ್ವರದಿಂದ ತೂತುಕುಡಿಯವರೆಗಿನ 21 ದ್ವೀಪಗಳು ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದವು. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಎತ್ತುವಂತಿಲ್ಲ. ಮುಳುಗುವವನ ಕೆಲಸ ಬೇರೆ, ಅದೂ ದೊಡ್ಡದೇ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೇಲಿನಿಂದ, ಪಕ್ಕದಿಂದ, ಬಾಲದ ಕಡೆಯಿಂದ ಫೋಟೋ ತೆಗೆಯಬೇಕು. ಆಳ, ತಾರೀಖು, ಹೊತ್ತು ಬರೆದಿಡಬೇಕು. ಪ್ರಯೋಗಾಲಯದ ಮೇಜಿನ ಮೇಲೆ ಸತ್ತು ಮುದುರಿದ ಪ್ರಾಣಿಯಲ್ಲಿ ಬಣ್ಣವೂ ಉಳಿಯದು, ನಡಿಗೆಯೂ ಉಳಿಯದು. ಅವೆರಡನ್ನೂ ಕಂಡವನು ಮುಳುಗಿದವನೊಬ್ಬನೇ.

ಮರುದಿನ ಇನ್ನಷ್ಟು ಫೋಟೋ ಬಂದವು. ತಲೆಯ ಗುರಾಣಿ ಸ್ಪಷ್ಟ, ಬಾಲದ ತುದಿ ಎರಡಾಗಿ ಸೀಳಿದೆ. ಕುಟುಂಬ ಅಗ್ಲಾಜಿಡೆ ಎಂದು ಬರೆದು, ಜಾತಿಯ ಸಾಲನ್ನು ಖಾಲಿ ಬಿಟ್ಟು ಅವನಿಗೆ ಕಳಿಸಿದೆ.