ಹೇನಿಗೆ ಅಂತಸ್ತಿನ ಹಂಗಿಲ್ಲ

ಕೆಲವು ತಿಂಗಳ ಹಿಂದೆ, ಮೂರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಶಾಲೆಯಿಂದ ಒಂದು ಚೀಟಿಯೊಡನೆ ಮರಳಿದಳು. ತಲೆಯಲ್ಲಿ ಹೇನಿದೆ, ಹೋಗುವವರೆಗೆ ಶಾಲೆಗೆ ಕಳುಹಿಸಬೇಡಿ ಎಂಬುದು ಅದರ ಸಾರಾಂಶ. ಮನೆಯಲ್ಲಿ ಕೂಡಲೇ ವಿಚಾರಣೆ ನಡೆದು, ಮನೆಗೆಲಸದಾಕೆಯ ಮಗಳೇ ಇದಕ್ಕೆ ಕಾರಣವೆಂಬ ತೀರ್ಪು ಹೊರಬಿದ್ದಿತು. ಮರುದಿನದಿಂದ ಮಗಳನ್ನು ಕರೆತರಬೇಡವೆಂದು ಆಕೆಗೆ ಸೂಚಿಸಲಾಯಿತು. ಸಾಕ್ಷ್ಯವನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಮಕ್ಕಳ ವೈದ್ಯರು ವಿವರಿಸಿದ ಸಂಗತಿಗಳು ನಮ್ಮ ತೀರ್ಪನ್ನು ಬುಡಮೇಲು ಮಾಡಿದವು. ಎಳ್ಳಿನ ಕಾಳಿನಷ್ಟಿರುವ ಹೇನು ಹಾರಲಾರದು, ನೆಗೆಯಲಾರದು, ತೆವಳಬಲ್ಲದು ಅಷ್ಟೆ. ಮಕ್ಕಳು ಒಂದೇ ಪುಸ್ತಕದ ಮೇಲೆ ಬಾಗಿದಾಗ, ಮಗ್ಗುಲಲ್ಲಿ ಮಲಗಿದಾಗ, ಹೀಗೆ ತಲೆಗೆ ತಲೆ ತಾಗಿದಾಗಲೇ ಅದು ಬಹುಮಟ್ಟಿಗೆ ಹರಡುತ್ತದೆ. ಬಾಚಣಿಗೆ, ಟೋಪಿಗಳಿಂದ ಹರಡುವುದು ವಿರಳ. ರಕ್ತವೇ ಆಹಾರವಾದ್ದರಿಂದ ತಲೆಯಿಂದ ಬೇರ್ಪಟ್ಟ ಹೇನು ಒಂದೆರಡು ದಿನಗಳಲ್ಲಿ ಸಾಯುತ್ತದೆ. ತೊಳೆದ ಕೂದಲು, ಕೊಳೆಯಾದ ಕೂದಲು ಎಂಬ ಭೇದ ಅದಕ್ಕಿಲ್ಲ. ಮೊದಲ ಬಾರಿ ಹೇನು ಹತ್ತಿದವರಿಗೆ ತುರಿಕೆ ಆರಂಭವಾಗಲು 4ರಿಂದ 6 ವಾರ ಹಿಡಿಯಬಹುದು. ಹೀಗಿರುವಾಗ ಯಾರಿಂದ ಯಾರಿಗೆ ಬಂದಿತೆಂದು ನಿರ್ಣಯಿಸುವುದಾದರೂ ಹೇಗೆ?

ನಮ್ಮ ಭಯಕ್ಕೆ ಒಂದು ಹಿನ್ನೆಲೆಯಿದೆ. ಟೈಫಸ್ ಜ್ವರವನ್ನು ಹರಡುವುದು ಬಟ್ಟೆಯಲ್ಲಿ ವಾಸಿಸುವ ಕೂರೆ ಎಂಬುದನ್ನು ಚಾರ್ಲ್ಸ್ ನಿಕೋಲ್ 1909ರಲ್ಲಿ ತೋರಿಸಿಕೊಟ್ಟರು. 1928ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ತಲೆಯ ಹೇನು ಅಂಥ ರೋಗವಾಹಕವಲ್ಲ. ಹೇನಿನ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಗಿಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ತನ್ನ ವರದಿಯಲ್ಲಿಯೂ ಹೇಳಿದೆ.

ಇದನ್ನು ಓದುವಾಗ ಹಳೆಯದೊಂದು ಪ್ರಸಂಗ ನೆನಪಾಗಿ ಮನಸ್ಸು ಮುದುಡಿತು. ಸೇವೆಯಲ್ಲಿದ್ದಾಗ ಬಾಲಕಿಯರ ವಿದ್ಯಾರ್ಥಿನಿಲಯವೊಂದರ ತಪಾಸಣೆಗೆ ಹೋಗಿದ್ದೆ. ಹೇನು ಹೆಚ್ಚಾಯಿತೆಂದು ಅಲ್ಲಿನ ಹುಡುಗಿಯರೆಲ್ಲರ ಜಡೆ ಕತ್ತರಿಸಲಾಗಿತ್ತು. ಅವರು ತಲೆ ತಗ್ಗಿಸಿ ಸಾಲಾಗಿ ನಿಂತಿದ್ದರು. ನೆಗಡಿ ಬಂತೆಂದು ಮೂಗು ಕೊಯ್ದಂತಹ ಆ ಕ್ರಮವನ್ನು ನಾನು ಪ್ರಶ್ನಿಸಲಿಲ್ಲ. 'ಶುಚಿತ್ವ ತೃಪ್ತಿಕರ' ಎಂದು ಬರೆದು ಸಹಿ ಹಾಕಿ ಬಂದೆ.

ಒಬ್ಬರ ನಡೆಯ ಫಲವನ್ನು ಮತ್ತೊಬ್ಬರು ಉಣ್ಣುವುದನ್ನು ಅರ್ಥಶಾಸ್ತ್ರದಲ್ಲಿ ಬಾಹ್ಯ ಪರಿಣಾಮವೆನ್ನುತ್ತಾರೆ. ಹೇನು ಇದಕ್ಕೆ ಒಳ್ಳೆಯ ನಿದರ್ಶನ. ಅವಮಾನಕ್ಕೆ ಅಂಜಿದ ಕುಟುಂಬ ವಿಷಯವನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟಷ್ಟೂ ಹೇನು ನೆರೆಯ ತಲೆಗೆ ದಾಟುತ್ತದೆ. ಒಂದು ಮನೆಯ ಚಿಕಿತ್ಸೆಯನ್ನು ಇನ್ನೊಂದು ಮನೆಯ ಮೌನ ನಿಷ್ಫಲಗೊಳಿಸುತ್ತದೆ.

ಪರಿಹಾರ ದುಬಾರಿಯೇನಲ್ಲ. ಒದ್ದೆ ಕೂದಲನ್ನು ಮೂರು ನಾಲ್ಕು ದಿನಗಳಿಗೊಮ್ಮೆ, ಕನಿಷ್ಠ ಎರಡು ವಾರ, ಸೀರಣಿಗೆಯಿಂದ ಎಳೆ ಎಳೆಯಾಗಿ ಬಾಚಬೇಕು. ವೈದ್ಯರು ಸೂಚಿಸಿದ ಔಷಧವನ್ನು ಹಚ್ಚುವುದಾದರೆ, ಉಳಿದ ಸೀರುಗಳು ಒಡೆದ ಮೇಲೆ, ಸಾಮಾನ್ಯವಾಗಿ ಒಂಬತ್ತನೆಯ ದಿನದ ಸುಮಾರಿಗೆ, ಮತ್ತೊಮ್ಮೆ ಹಚ್ಚಬೇಕು. ಸೀಮೆಎಣ್ಣೆಯ ಪ್ರಯೋಗ ಅಪಾಯಕಾರಿ. ಶಾಲೆಗಳು ಒಂದು ಮಗುವಿನ ಕೈಗೆ ಚೀಟಿ ಕೊಡುವ ಬದಲು, ಯಾರ ಹೆಸರನ್ನೂ ಹೇಳದೆ ಇಡೀ ತರಗತಿಯ ಪಾಲಕರಿಗೆ ತಿಳಿಸಿ, ಎಲ್ಲರ ತಲೆಗಳನ್ನೂ ಒಂದೇ ದಿನ ನೋಡುವಂತೆ ಕೋರಬೇಕು.

ನಮ್ಮ ಮನೆಯಲ್ಲಿ ಒಂದು ಭಾನುವಾರ ಹಾಗೆಯೇ ಮಾಡಿದೆವು. ಮನೆಗೆಲಸದಾಕೆಯ ಕ್ಷಮೆ ಕೇಳಿ, ಮಗಳನ್ನೂ ಕರೆಸಿಕೊಂಡೆವು. ಇಬ್ಬರು ಮಕ್ಕಳ ತಲೆಯಲ್ಲಿಯೂ ಹೇನಿದ್ದವು. ನನ್ನ ಪತ್ನಿಯ ತಲೆಯಲ್ಲಿಯೂ ಇದ್ದವು.